50 ಎಂಎಂ ಲೆನ್ಸ್ ಅಂದರೆ ಮನುಷ್ಯನ ಕಣ್ಣೇ? ಉತ್ತರ ಇರುವುದು ಉಬ್ಬಸದ ಒಬ್ಬ ಮೆಕ್ಯಾನಿಕ್‌ನ ಬದುಕಿನಲ್ಲಿ

ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಯಾರಾದರೂ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಸಾಕು, ಎರಡು ಮಾತು ತಪ್ಪದೆ ಬರುತ್ತವೆ. ಒಂದು, 50 ಎಂಎಂ ಲೆನ್ಸ್ ಮನುಷ್ಯನ ಕಣ್ಣು ನೋಡಿದಂತೆಯೇ ನೋಡುತ್ತದೆ. ಎರಡು, ಎಫ್ ನಂಬರ್ ಎಷ್ಟು ಚಿಕ್ಕದಿದ್ದರೆ ಫೋಟೊ ಅಷ್ಟು ಚೆನ್ನ, ಸಾಲ ಮಾಡಿಯಾದರೂ ಎಫ್ 1.2 ತಗೊಳ್ಳಿ. ಮೊದಲನೆಯದು ತಪ್ಪು. ಎರಡನೆಯದು ಅರ್ಧ ನಿಜ. ಆ ಅರ್ಧ ನಿಜವನ್ನು ಪೂರ್ತಿ ನಂಬಿದರೆ, ಪೂರಿಗಾಲಿ, ಮಳವಳ್ಳಿ ಕಡೆ ಮದುವೆ ಫೋಟೊ ತೆಗೆದು ಜೀವನ ಮಾಡುವ ಹುಡುಗನ ಒಂದು ಸೀಸನ್ನಿನ ದುಡಿಮೆ ಒಂದೇ ಲೆನ್ಸಿಗೆ ಹೋಗಿಬಿಡಬಹುದು.

ಫುಲ್ ಫ್ರೇಮ್ ಅನ್ನುವ ಅಳತೆ ಎಲ್ಲಿಂದ ಬಂತು, ಅದಕ್ಕೆ 50 ಎಂಎಂ ಲೆನ್ಸೇ ಯಾಕೆ ಜೋಡಿಯಾಯಿತು ಅಂತ ತಿಳಿಯಬೇಕಾದರೆ ಜರ್ಮನಿಯ ಆಸ್ಕರ್ ಬಾರ್ನಾಕ್ ಬದುಕನ್ನು ನೋಡಬೇಕು. ಲೈಕಾ ಕ್ಯಾಮೆರಾ ಮಾಡಿದಾತ. ಆತ ದೊಡ್ಡ ಓದು ಓದಿದ ವಿಜ್ಞಾನಿ ಅಲ್ಲ, ಕೈಕೆಲಸದ ಮನುಷ್ಯ.

ಬಾರ್ನಾಕ್ ಹುಟ್ಟಿದ್ದು 1879ರ ನವೆಂಬರ್ 1ರಂದು, ಬರ್ಲಿನ್‌ನ ದಕ್ಷಿಣಕ್ಕಿರುವ ಲಿನೋ ಅನ್ನುವ ಹಳ್ಳಿಯಲ್ಲಿ. ಬರ್ಲಿನ್ ಪಕ್ಕದ ಲಿಷ್ಟರ್‌ಫೆಲ್ಡೆಯಲ್ಲಿ ಸೂಕ್ಷ್ಮ ಉಪಕರಣ ಮಾಡುವ ಕೆಲಸ ಕಲಿತು, 1902ರಲ್ಲಿ ಯೇನಾ ಊರಿನ ಝೈಸ್ ಕಂಪನಿ ಸೇರಿದ. ಆಗಲೇ ಅದು ಲೆನ್ಸಿಗೆ ಹೆಸರಾದ ಕಂಪನಿ. ಬಾರ್ನಾಕ್‌ಗೆ ಎರಡು ಹುಚ್ಚು: ಕಾಡು ಸುತ್ತುವುದು, ಫೋಟೊ ತೆಗೆಯುವುದು. ಜೊತೆಗೆ ಒಂದು ಕಾಯಿಲೆ, ಉಬ್ಬಸ.

ಉಬ್ಬಸ ಇರುವವರಿಗೆ ಗೊತ್ತು, ಭಾರ ಹೊತ್ತು ಏರು ಹತ್ತುವುದು ಅಂದರೆ ಏನು ಅಂತ. ಆಗಿನ ಕ್ಯಾಮೆರಾ ಅಂದರೆ ಮರದ ಪೆಟ್ಟಿಗೆ, 13x18 ಸೆಂ.ಮೀ. ಗಾಜಿನ ಪ್ಲೇಟುಗಳು, ಅವನ್ನಿಡುವ ಹೋಲ್ಡರುಗಳು, ಮೂರು ಕಾಲಿನ ಸ್ಟ್ಯಾಂಡು. ಇಷ್ಟನ್ನೂ ಹೊತ್ತು ಥುರಿಂಗಿಯಾದ ಗುಡ್ಡಗಾಡಿನಲ್ಲಿ ಏದುಸಿರು ಬಿಡುತ್ತಾ ಹೋಗುವಾಗ, ಫೋಟೊ ಚಿಕ್ಕದಾಗಿ ತೆಗೆದು ಆಮೇಲೆ ದೊಡ್ಡದು ಮಾಡಿಕೊಂಡರೆ ಆಗದೇ ಅನ್ನುವ ಯೋಚನೆ ಆತನಿಗೆ ಬಂತು. ಸುಮಾರು 1905ರಲ್ಲಿ ಒಂದೇ ದೊಡ್ಡ ಪ್ಲೇಟಿನ ಮೇಲೆ ಹಲವು ಪುಟ್ಟ ಚಿತ್ರಗಳನ್ನು ತೆಗೆದು ನೋಡಿದ. ದೊಡ್ಡದು ಮಾಡಿದರೆ ಬರೀ ರವೆ ರವೆ. ಪ್ಲೇಟಿನ ಮೇಲಿನ ಲೇಪ ಅಷ್ಟು ಒರಟಾಗಿತ್ತು. ಯೋಚನೆ ಅಲ್ಲಿಗೇ ನಿಂತಿತು.

ಗೆಳೆಯ ಎಮಿಲ್ ಮೆಖಾವ್ ಮೂಲಕ 1911ರ ಜನವರಿಯಲ್ಲಿ ಬಾರ್ನಾಕ್ ವೆಟ್ಸ್‌ಲಾರ್ ಊರಿನ ಲೈಟ್ಸ್ ಕಂಪನಿಗೆ ಬಂದ. ಅದು ಮುಖ್ಯವಾಗಿ ಮೈಕ್ರೋಸ್ಕೋಪ್ ಮಾಡುವ ಕಂಪನಿ. ಪ್ರಯೋಗ ವಿಭಾಗದ ಹೊಣೆ ಹೊತ್ತ ಬಾರ್ನಾಕ್ ಸಿನಿಮಾ ಕ್ಯಾಮೆರಾ ಮೇಲೂ ಕೆಲಸ ಮಾಡುತ್ತಿದ್ದ. ಹಾಗಾಗಿ 35 ಎಂಎಂ ಸಿನಿಮಾ ಫಿಲ್ಮ್ ಕೈಗೆ ಸಿಕ್ಕಿತು. ಇದರ ರವೆ ಹಳೇ ಪ್ಲೇಟಿಗಿಂತ ನಯ.

ಸಿನಿಮಾದಲ್ಲಿ ಫಿಲ್ಮ್ ಮೇಲಿನಿಂದ ಕೆಳಕ್ಕೆ ಓಡುತ್ತದೆ, ಒಂದೊಂದು ಚಿತ್ರದ ಅಳತೆ 18x24 ಮಿ.ಮೀ. ಬಾರ್ನಾಕ್ ಫಿಲ್ಮನ್ನು ಅಡ್ಡಡ್ಡ ಓಡಿಸಿ, ಎರಡು ಚಿತ್ರಗಳ ಜಾಗವನ್ನು ಒಂದಕ್ಕೇ ಕೊಟ್ಟ. 18ರ ಎರಡು ಪಟ್ಟು 36. ಹಾಗೆ ಬಂದದ್ದು 24x36 ಮಿ.ಮೀ. ಇವತ್ತು ಫುಲ್ ಫ್ರೇಮ್ ಅಂತ ಅಂಗಡಿಯವರು ದೊಡ್ಡದಾಗಿ ಹೇಳುವ ಸೆನ್ಸರ್ ಇದೇ ಅಳತೆಯದು. ಆಗಿನ ಕಾಲಕ್ಕೆ ಅದು ಫುಲ್ ಅಲ್ಲವೇ ಅಲ್ಲ, ನಗೆಪಾಟಲಿಗೆ ಈಡಾಗುವಷ್ಟು ಪುಟ್ಟದು.

1914ರ ಹೊತ್ತಿಗೆ ಕೈಯಲ್ಲಿ ಹಿಡಿಯುವ ಲೋಹದ ಮಾದರಿ ತಯಾರಿತ್ತು. ಆ ವರ್ಷ ಮಾಲೀಕ ಎರ್ನ್ಸ್ಟ್ ಲೈಟ್ಸ್ ಇಂಥ ಒಂದನ್ನು ಅಮೆರಿಕಕ್ಕೂ ಕೊಂಡೊಯ್ದು ನೋಡಿದ. ಅಷ್ಟರಲ್ಲಿ ಮಹಾಯುದ್ಧ ಬಂತು. 1920ರಲ್ಲಿ ವೆಟ್ಸ್‌ಲಾರ್ ಬೀದಿಗಳಿಗೆ ನೆರೆ ನುಗ್ಗಿದಾಗ ಬಾರ್ನಾಕ್ ತನ್ನ ಪುಟ್ಟ ಕ್ಯಾಮೆರಾದಲ್ಲೇ ಆ ದೃಶ್ಯ ಹಿಡಿದ. ಮರದ ಪೆಟ್ಟಿಗೆ ಹೊತ್ತು ಆ ನೀರಿನಲ್ಲಿ ಓಡಾಡಲು ಆತನಿಗೆ ಆಗುತ್ತಿತ್ತೇ?

ಈಗ ಲೆನ್ಸಿನ ಮಾತು. ಪೆಟ್ಟಿಗೆ ಆಯಿತು, ಅದಕ್ಕೆ ಸರಿಯಾದ ಕಣ್ಣು ಇರಲಿಲ್ಲ. ಸಿನಿಮಾಕ್ಕೆಂದು ಮಾಡಿದ 50 ಎಂಎಂ ಟೆಸ್ಸಾರ್ ಹಾಕಿದರೆ ಚಿತ್ರದ ಮೂಲೆಗಳು ಕೈಕೊಟ್ಟವು, ಯಾಕೆಂದರೆ ಅದು ಅರ್ಧ ಅಳತೆಗೆ ಮಾಡಿದ ಲೆನ್ಸ್. ಆಮೇಲೆ ಲೈಟ್ಸ್ ಕಂಪನಿಯದೇ 42 ಎಂಎಂ ಮೈಕ್ರೋ ಸುಮ್ಮಾರ್ ಹಾಕಿ ಕೆಲಸ ನಡೆಸಿದ. ಕೊನೆಗೆ ಅಲ್ಲೇ ಇದ್ದ ಮ್ಯಾಕ್ಸ್ ಬೆರೆಕ್ ಅನ್ನುವ ವಿಜ್ಞಾನಿ 24x36 ಅಳತೆಗೆಂದೇ ಹೊಸ ಲೆನ್ಸ್ ಲೆಕ್ಕ ಹಾಕಿಕೊಟ್ಟ: 50 ಎಂಎಂ, ಎಫ್ 3.5. ಮುಂದೆ ಎಲ್ಮಾರ್ ಅಂತ ಹೆಸರಾದದ್ದು ಅದರ ಸಂತಾನವೇ.

ಇಲ್ಲಿ ಕಣ್ಣಿನ ಲೆಕ್ಕ ಎಲ್ಲೂ ಬರಲಿಲ್ಲ, ಗಮನಿಸಿ. ಚಿತ್ರದ ಮೂಲೆಯಿಂದ ಮೂಲೆಗೆ ಇರುವ ಅಳತೆಗೆ ಹತ್ತಿರದ ಲೆನ್ಸನ್ನು ಸ್ಟ್ಯಾಂಡರ್ಡ್ ಅನ್ನುವುದು ಫೋಟೊಗ್ರಫಿಯಲ್ಲಿ ರೂಢಿ. 24x36ರಲ್ಲಿ ಅದು ಸುಮಾರು 43 ಮಿ.ಮೀ. 50 ಅದಕ್ಕಿಂತ ಸ್ವಲ್ಪ ಜಾಸ್ತಿ. ನೋಟ ಸ್ವಲ್ಪ ಕಿರಿದಾದರೆ ಮೂಲೆಯವರೆಗೂ ಚೊಕ್ಕ ಚಿತ್ರ ತರುವುದು ಸುಲಭ. ಫುಲ್ ಫ್ರೇಮಿನಲ್ಲಿ 50 ಎಂಎಂ ಲೆನ್ಸ್ ಅಡ್ಡಕ್ಕೆ ನೋಡುವುದು ಸುಮಾರು 40 ಡಿಗ್ರಿ. ನಮ್ಮ ಎರಡು ಕಣ್ಣು ಸೇರಿ ಹೆಚ್ಚುಕಡಿಮೆ 180 ಡಿಗ್ರಿಯಷ್ಟು ಅಗಲ ನೋಡುತ್ತವೆ, ಆದರೆ ನಿಚ್ಚಳವಾಗಿ ಕಾಣುವುದು ನಡುವಿನ ಒಂದೆರಡು ಡಿಗ್ರಿ ಮಾತ್ರ. ಎರಡಕ್ಕೂ ಹೋಲಿಕೆಯೇ ಇಲ್ಲ. ಮುಖ ಉಬ್ಬಿದಂತೆ ಕಾಣುವುದೋ ಸಹಜವಾಗಿ ಕಾಣುವುದೋ ಅನ್ನುವುದು ನೀವು ಎಷ್ಟು ದೂರ ನಿಂತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. 50 ಎಂಎಂ ನೋಟ ಹೇಗಿರುತ್ತದೆ ಅಂತ ನೋಡಲು ದುಡ್ಡೂ ಬೇಡ. ಬಹಳಷ್ಟು ಫೋನುಗಳ ಮುಖ್ಯ ಕ್ಯಾಮೆರಾದಲ್ಲಿ 2x ಒತ್ತಿದರೆ ಹತ್ತಿರಹತ್ತಿರ ಅದೇ ನೋಟ ಬರುತ್ತದೆ.

ಯುದ್ಧದ ನಂತರದ ಜರ್ಮನಿಯ ಬಡತನದಲ್ಲಿ ಇಂಥ ಆಟಿಕೆಯಂಥ ಕ್ಯಾಮೆರಾ ಮಾಡುವುದು ಬೇಡ ಅಂದವರು ಕಂಪನಿಯೊಳಗೇ ಬಹಳ ಜನ. ಮೊದಲು ಪರೀಕ್ಷೆಗೆಂದು ಇಪ್ಪತ್ತಕ್ಕೂ ಹೆಚ್ಚು ಕ್ಯಾಮೆರಾ ಮಾಡಿದರು, ಅದೇ ನಲ್ ಸೀರೀಸ್. ಬಳಸಿದವರ ಅಭಿಪ್ರಾಯವೂ ಒಂದೇ ತೆರ ಇರಲಿಲ್ಲ. ಆದರೂ 1924ರಲ್ಲಿ ಮಾಲೀಕ ಒಪ್ಪಿದ. 1925ರ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಹೊರಬಂತು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಚರಿತ್ರೆ.

1930ರಲ್ಲಿ ಲೆನ್ಸ್ ಬಿಚ್ಚಿ ಹಾಕುವ ಅನುಕೂಲ ಬಂದ ಮೇಲೆ ಶುರುವಾಯಿತು ಎಫ್ ನಂಬರಿನ ಪೈಪೋಟಿ. ಬಾರ್ನಾಕ್‌ನ ಹಳೇ ಕಂಪನಿ ಝೈಸ್ 1932ರಲ್ಲಿ ಕಾಂಟ್ಯಾಕ್ಸ್ ಕ್ಯಾಮೆರಾ ತಂದು, ಲುಡ್ವಿಗ್ ಬೆರ್ಟೆಲೆ ರೂಪಿಸಿದ 50 ಎಂಎಂ ಎಫ್ 1.5 ಸೊನ್ನಾರ್ ಲೆನ್ಸ್ ಕೊಟ್ಟಿತು. ಲೈಟ್ಸ್ 1933ರಲ್ಲಿ ಎಫ್ 2 ಸುಮ್ಮಾರ್ ತಂದಿತು. ಪೂರ್ತಿ ತೆರೆದರೆ ಅದರ ಅಂಚು ಮಂಕು. ಆದರೂ ಪೈಪೋಟಿಗೆ ಕಾರಣ ಇತ್ತು: ಆಗಿನ ಫಿಲ್ಮ್ ಬೆಳಕು ಹಿಡಿಯುವುದು ಬಹಳ ನಿಧಾನ, ಮನೆಯೊಳಗೆ ಫೋಟೊ ಬೇಕಾದರೆ ದೊಡ್ಡ ಕಿಂಡಿ ಬೇಕೇ ಬೇಕು.

ಕಿಂಡಿ ಎಷ್ಟು ದೊಡ್ಡದು ಅಂತ ತಿಳಿಯಲು 50ನ್ನು ಎಫ್ ನಂಬರಿನಿಂದ ಭಾಗಿಸಿ. ಎಫ್ 1.8 ಅಂದರೆ ಸುಮಾರು 28 ಮಿ.ಮೀ. ಅಗಲ, ಹತ್ತು ರೂಪಾಯಿ ನಾಣ್ಯದಷ್ಟು. ಬೆರೆಕ್‌ನ ಎಫ್ 3.5 ಅದರ ಅರ್ಧ ಅಗಲ, ಅಂದರೆ ಒಳಗೆ ಬರುವ ಬೆಳಕು ಕಾಲು ಭಾಗ. ಎಫ್ 1.2 ಅಂದರೆ ಸುಮಾರು 42 ಮಿ.ಮೀ. ಎಫ್ 1.8ಕ್ಕಿಂತ ಎರಡೂಕಾಲು ಪಟ್ಟು ಬೆಳಕು. ಫೋರ್ವರ್ಡ್‌ನಲ್ಲಿರುವ ನಿಜ ಇಷ್ಟೇ.

ಬಿಟ್ಟ ಅರ್ಧ ಕೇಳಿ. ಇವತ್ತಿನ ಫುಲ್ ಫ್ರೇಮ್ ಸೆನ್ಸರಿಗೆ ಆ ಎರಡೂಕಾಲು ಪಟ್ಟು ದೊಡ್ಡ ಮಾತಲ್ಲ, ಐಎಸ್ಒ 1600 ಇದ್ದದ್ದನ್ನು 3600 ಮಾಡಿದರೆ ಸರಿಹೋಯಿತು. ಆದರೆ ಕಿಂಡಿ ದೊಡ್ಡದಾದಷ್ಟೂ ಫೋಕಸ್ ತೆಳುವಾಗುತ್ತದೆ. ಎರಡು ಮೀಟರ್ ದೂರದಿಂದ ಎಫ್ 1.2ರಲ್ಲಿ ತೆಗೆದರೆ ಚೊಕ್ಕವಾಗಿ ಬರುವ ಆಳ ಸುಮಾರು 12 ಸೆಂ.ಮೀ. ಧಾರೆ ಹೊತ್ತಿನಲ್ಲಿ ಗಂಡು ಒಂದು ಹೆಜ್ಜೆ ಮುಂದೆ, ಹೆಣ್ಣು ಒಂದು ಹೆಜ್ಜೆ ಹಿಂದೆ ಇದ್ದರೆ ಒಬ್ಬರ ಮುಖ ಮಸುಕು. ಆ ಫೋಟೊ ಇನ್ನೊಮ್ಮೆ ತೆಗೆಯಲು ಆಗುವುದಿಲ್ಲ. ಅಲ್ಲಿ ಎಫ್ 2.8ಕ್ಕೋ 4ಕ್ಕೋ ಇಳಿಯಲೇಬೇಕು, ಇಳಿದ ಮೇಲೆ 1.2 ಕೊಂಡದ್ದು ಯಾಕೆ? ಇನ್ನು ಸೋಮನಾಥಪುರದ ಗುಡಿಯೊಳಗಿನ ಕತ್ತಲು. ಅಲ್ಲಿನ ಕಲ್ಲಿನ ಛಾವಣಿ ಕದಲುವುದಿಲ್ಲ. ಕಂಬಕ್ಕೆ ಒರಗಿ, ಉಸಿರು ಬಿಗಿಹಿಡಿದು ನಿಧಾನ ಶಟರಿನಲ್ಲಿ ತೆಗೆದರೆ ಎಫ್ 4 ಸಾಕು. ಕತ್ತಲಲ್ಲಿ ಓಡಾಡುವ ಜನರನ್ನು ಫ್ಲ್ಯಾಶ್ ಇಲ್ಲದೆ ಹಿಡಿಯುವವರಿಗೆ, ಹಿನ್ನೆಲೆ ಪೂರ್ತಿ ಕರಗಿದ ಒಂಟಿ ಮುಖ ತೆಗೆದೇ ಸಂಪಾದಿಸುವವರಿಗೆ 1.4 ಅಥವಾ 1.2 ದಂಡವಲ್ಲ. ಉಳಿದವರಿಗೆ 1.8 ಸಾಕು ಅನ್ನುವುದು ನನ್ನ ಅಭಿಪ್ರಾಯ.

ತೂಕವನ್ನೂ ನೋಡಿ. ಕ್ಯಾನನ್‌ನ ಆರ್‌ಎಫ್ 50 ಎಂಎಂ ಎಫ್ 1.8 ಲೆನ್ಸ್ 160 ಗ್ರಾಂ, ಅದೇ ಸಾಲಿನ ಎಫ್ 1.2 ಲೆನ್ಸ್ 950 ಗ್ರಾಂ. ಬೆಲೆ ಸುಮಾರು ಹತ್ತು ಪಟ್ಟು. ನಿಕಾನ್‌ನ ಝಡ್ 50 ಎಂಎಂ ಎಫ್ 1.2 ಒಂದು ಕಿಲೋ ದಾಟುತ್ತದೆ. ಬೆಳಗಿನ ಜಾವದ ಮುಹೂರ್ತದಿಂದ ರಾತ್ರಿ ಆರತಕ್ಷತೆವರೆಗೆ ಕುತ್ತಿಗೆಗೆ ನೇತುಹಾಕಿಕೊಳ್ಳುವವರು ಯಾರು ಅಂತ ಯೋಚಿಸಿ. ಹಾಂ, ನಿಮ್ಮದು ಎಪಿಎಸ್-ಸಿ ಕ್ಯಾಮೆರಾ ಆಗಿದ್ದರೆ 50 ಎಂಎಂ ಲೆನ್ಸಿನಿಂದ ಫುಲ್ ಫ್ರೇಮಿನ 75 ಅಥವಾ 80 ಎಂಎಂ ನೋಟ ಬರುತ್ತದೆ. ಸ್ಟ್ಯಾಂಡರ್ಡ್ ನೋಟ ಬೇಕಿದ್ದರೆ 35 ಎಂಎಂ ಕೇಳಿ.

ಬಾರ್ನಾಕ್ ಈ ಕಿಲೋ ತೂಕದ ಲೆನ್ಸುಗಳನ್ನು ನೋಡಲಿಲ್ಲ. 1936ರ ಜನವರಿ 16ರಂದು, 56ನೇ ವಯಸ್ಸಿನಲ್ಲಿ, ಬಾಡ್ ನೌಹೈಮ್ ಊರಿನಲ್ಲಿ ತೀರಿಕೊಂಡ. ನಲ್ ಸೀರೀಸಿನಲ್ಲಿ ಆತ ಸ್ವಂತಕ್ಕೆ ಇಟ್ಟುಕೊಂಡಿದ್ದ 105ನೇ ನಂಬರಿನ ಕ್ಯಾಮೆರಾ 2022ರ ಹರಾಜಿನಲ್ಲಿ 1 ಕೋಟಿ 44 ಲಕ್ಷ ಯೂರೋಗೆ ಹೋಯಿತು. ಅದರ ಲೆನ್ಸ್ 50 ಎಂಎಂ, ಎಫ್ 3.5.