ನಾಣ್ಯಗಳನ್ನು ಓದಿದ ಜೇಮ್ಸ್ ಪ್ರಿನ್ಸೆಪ್



ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜಿ ಜೋಪಾನ ಮಾಡಿಟ್ಟ ಒಂದು ತೂತಿನ ಕಾಸೋ, ಕಪ್ಪಾದ ಬೆಳ್ಳಿ ರೂಪಾಯಿಯೋ ಇರಬಹುದು. ಅದು ಕೈಗೆ ಸಿಕ್ಕಾಗ ನೀವು ಮೊದಲು ಕೇಳುವುದೇನು? ಇದಕ್ಕೆ ಎಷ್ಟು ಬೆಲೆ ಸಿಗುತ್ತದೆ ಎಂದಲ್ಲವೇ? ನಾಣ್ಯದ ಬೆಲೆ ಕಟ್ಟುವುದೇ ಸಂಬಳದ ಕೆಲಸವಾಗಿದ್ದ ಒಬ್ಬರು ಅಲ್ಲಿಗೇ ನಿಲ್ಲದೆ, ಇದರ ಮೇಲೆ ಏನು ಬರೆದಿದೆ ಎಂದೂ ಕೇಳಿದರು. ಆ ಪ್ರಶ್ನೆಯಿಂದ ಭಾರತದ ಇತಿಹಾಸದ ಒಂದು ಮುಚ್ಚಿದ ಬಾಗಿಲು ತೆರೆಯಿತು. ಅವರೇ ಜೇಮ್ಸ್ ಪ್ರಿನ್ಸೆಪ್.

1799ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪ್ರಿನ್ಸೆಪ್‌ಗೆ ಕಟ್ಟಡಶಿಲ್ಪಿಯಾಗುವ ಆಸೆಯಿತ್ತು. ಆದರೆ ಸೂಕ್ಷ್ಮವಾದ ನಕ್ಷೆಗಳನ್ನು ಬರೆದು ಬರೆದು ಕಣ್ಣುಗಳು ಸೋತವು. ಆ ವಿದ್ಯೆಯನ್ನು ಕೈಬಿಡಬೇಕಾಯಿತು. ದೃಷ್ಟಿ ಸುಧಾರಿಸಿದ ಮೇಲೆ ಲಂಡನ್ನಿನ ಟಂಕಸಾಲೆಯಲ್ಲಿ ಲೋಹ ಪರೀಕ್ಷೆ ಕಲಿತು, 1819ರಲ್ಲಿ ಕಲ್ಕತ್ತೆಯ ಟಂಕಸಾಲೆಗೆ ಬಂದರು. ಆಗ ಅವರಿಗೆ ಕೇವಲ 20 ವರ್ಷ. ಮುಂದೆ ಬನಾರಸ್ ಟಂಕಸಾಲೆಯ ಪರೀಕ್ಷಾಧಿಕಾರಿಯಾಗಿ 1830ರವರೆಗೆ ದುಡಿದರು. ಬಿಡುವಿನಲ್ಲಿ ಆ ಊರಿನ ನಕ್ಷೆ ತಯಾರಿಸಿದರು, ಜನಗಣತಿ ನಡೆಸಿದರು, ಔರಂಗಜೇಬನ ಕಾಲದ ಮಸೀದಿಯ ಮಿನಾರುಗಳನ್ನು ದುರಸ್ತಿ ಮಾಡಿಸಿದರು.

ಆಗಿನ ನಾಣ್ಯ ವ್ಯವಹಾರ ಎಷ್ಟು ಗೋಜಲಾಗಿತ್ತೆಂದು ನೀವು ಊಹಿಸಲಾರಿರಿ. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ರೂಪಾಯಿ. ಈಸ್ಟ್ ಇಂಡಿಯಾ ಕಂಪನಿಯೇ ಅಚ್ಚು ಹಾಕುತ್ತಿದ್ದ ಬಂಗಾಳದ ಸಿಕ್ಕಾ ರೂಪಾಯಿಯ ಮೇಲೆ ಪಾರ್ಸಿ ಲಿಪಿಯಲ್ಲಿ ಮೊಗಲ್ ಬಾದಶಾಹ ಶಾ ಆಲಂನ ಹೆಸರಿರುತ್ತಿತ್ತು. ನಾಣ್ಯ ಹಳತಾದಂತೆ ಶರಾಫರು ವಟ್ಟ ಕಳೆದು ತೆಗೆದುಕೊಳ್ಳುತ್ತಿದ್ದರು. ಇದನ್ನು ತಪ್ಪಿಸಲು ಎಷ್ಟೇ ವರ್ಷ ಕಳೆದರೂ ಆ ನಾಣ್ಯದ ಮೇಲೆ ಬಾದಶಾಹನ ಆಳ್ವಿಕೆಯ 19ನೇ ವರ್ಷವನ್ನೇ ನಮೂದಿಸುವ ಪದ್ಧತಿ ಬಂದಿತ್ತು! ತೂಕ, ಅಳತೆ, ನಾಣ್ಯಗಳೆಲ್ಲ ಒಂದೇ ಮಾನಕ್ಕೆ ಬರಬೇಕೆಂದು ಪ್ರಿನ್ಸೆಪ್ ಶ್ರಮಿಸಿದರು. 1835ರ ಕಾಯ್ದೆಯಿಂದ ಕಂಪನಿಯ ಆಡಳಿತದ ಪ್ರದೇಶಗಳಿಗೆಲ್ಲ 180 ಗ್ರೇನ್, ಅಂದರೆ ಒಂದು ತೊಲ ತೂಕದ ಏಕರೂಪದ ರೂಪಾಯಿ ಬಂದಿತು. ಅದರ 12 ಭಾಗಗಳಲ್ಲಿ 11 ಭಾಗ ಶುದ್ಧ ಬೆಳ್ಳಿ.

ಹಗಲಿನಲ್ಲಿ ನಾಣ್ಯ ಕರಗಿಸಿ ಬೆಳ್ಳಿಯ ಶುದ್ಧತೆ ಅಳೆಯುವ ಕೆಲಸ. ಉಳಿದ ಹೊತ್ತಿನಲ್ಲಿ ಕರಗದೆ ಉಳಿದ ಹಳೆಯ ನಾಣ್ಯಗಳ ಚಿಂತೆ. 1832ರಲ್ಲಿ ಏಷಿಯಾಟಿಕ್ ಸೊಸೈಟಿಯ ಕಾರ್ಯದರ್ಶಿಯಾದ ಅವರಿಗೆ ಪಂಜಾಬ್, ಕಾಬೂಲ್‌ಗಳಿಂದಲೂ ನಾಣ್ಯಗಳು ಬರತೊಡಗಿದವು. ಕಾಬೂಲಿನಲ್ಲಿ ವರದಿಗಾರರಾಗಿದ್ದ ಸೈಯದ್ ಕರಾಮತ್ ಅಲಿ ಅಲ್ಲಿ ಸಂಗ್ರಹಿಸಿದ ನಾಣ್ಯಗಳನ್ನು ಕಳುಹಿಸಿದರು. ಮೋಹನ್ ಲಾಲ್, ಚಾರ್ಲ್ಸ್ ಮ್ಯಾಸನ್, ಜನರಲ್ ವೆಂಟುರಾ ಮೊದಲಾದವರೂ ನೆರವಾದರು. ಸೊಸೈಟಿಯ ಪತ್ರಿಕೆಯಲ್ಲಿ ನಾಣ್ಯಗಳ ಬಗ್ಗೆ ಬರೆಯುವಾಗ ಪ್ರಿನ್ಸೆಪ್ ಈ ಮಹನೀಯರ ಹೆಸರುಗಳನ್ನು ಮರೆಯಲಿಲ್ಲ. ಸಿಂಧೂ ನದಿಯಾಚೆಯ ನಾಣ್ಯಗಳ ಒಂದು ಮುಖದಲ್ಲಿ ಗ್ರೀಕ್ ಅಕ್ಷರ, ಇನ್ನೊಂದು ಮುಖದಲ್ಲಿ ಯಾರೂ ಓದಲಾರದ ಲಿಪಿ ಇತ್ತು. ಎರಡೂ ಕಡೆ ಒಬ್ಬನೇ ರಾಜನ ಹೆಸರಿರಬೇಕೆಂಬ ಸುಳಿವು ಕೊಟ್ಟವರು ಮ್ಯಾಸನ್. ಆ ಸುಳಿವು ಹಿಡಿದು ಖರೋಷ್ಠಿ ಲಿಪಿಯ ಹಲವು ಅಕ್ಷರಗಳನ್ನು ಪ್ರಿನ್ಸೆಪ್ ಗುರುತಿಸಿದರು.

ವಿದ್ಯಾರ್ಥಿ ಮಿತ್ರರೇ, ಒಂದು ವಿಷಯ ಗಮನಿಸಿ. ಅವರ ಬಳಿ ಕ್ಯಾಮೆರಾ ಇರಲಿಲ್ಲ. ಛಾಯಾಚಿತ್ರ ತೆಗೆಯುವ ವಿಧಾನ ಜಗತ್ತಿಗೆ ಬಹಿರಂಗವಾದದ್ದೇ 1839ರಲ್ಲಿ. ಒಂದೊಂದು ನಾಣ್ಯವನ್ನೂ ನೋಡಿ ನೋಡಿ ಅವರು ಕೈಯಾರೆ ಚಿತ್ರ ಬರೆಯಬೇಕಿತ್ತು. ಸವೆದ ಅಕ್ಷರ ಯಾವುದು, ಅಚ್ಚು ಸರಿಯಾಗಿ ಬೀಳದ ಅಕ್ಷರ ಯಾವುದು, ನಾಣ್ಯದ ಅಂಚಿನಾಚೆ ಹೋದ ಅಕ್ಷರ ಯಾವುದು ಎಂದು ತಿಳಿಯದೆ ಚಿತ್ರ ಬರೆಯಲಾದೀತೇ? ಹೀಗೆ ಬರೆಯುವ ಶ್ರಮವೇ ಅವರಿಗೆ ಓದುವ ಕಣ್ಣು ಕೊಟ್ಟಿತು.

1837ರಲ್ಲಿ ಸಾಂಚಿ ಸ್ತೂಪದ ಕಲ್ಲುಗಳ ಮೇಲಿದ್ದ ಚಿಕ್ಕ ಚಿಕ್ಕ ಬರಹಗಳ ಪ್ರತಿಗಳು ಅವರ ಕೈ ಸೇರಿದವು. ಅಚ್ಚಿಗಾಗಿ ಅವನ್ನು ಜೋಡಿಸುವಾಗ ಬಹುತೇಕ ಎಲ್ಲವೂ ಒಂದೇ ಎರಡು ಅಕ್ಷರಗಳಿಂದ ಮುಗಿಯುವುದು ಕಾಣಿಸಿತು. ಇವು ಭಕ್ತರ ಕಾಣಿಕೆಗಳ ಬರಹಗಳಾಗಿದ್ದರೆ ಆ ಕೊನೆಯ ಪದ ದಾನಂ ಎಂದೇ ಇರಬೇಕಲ್ಲವೇ? ಅದರ ಹಿಂದಿನ ಅಕ್ಷರದ ಗುಟ್ಟು ಆಗಲೇ ಗೊತ್ತಿತ್ತು. ಅದೇ ತಾನೇ ಓದಿದ್ದ ಸೌರಾಷ್ಟ್ರದ ಬೆಳ್ಳಿ ನಾಣ್ಯಗಳಲ್ಲಿ ಇಂಥವನ ಎಂಬ ಅರ್ಥ ಕೊಡುವ ಸ ಅಕ್ಷರ ಅದು. ಕೆಲವೇ ದಿನಗಳಲ್ಲಿ ಬ್ರಾಹ್ಮಿ ಲಿಪಿ ಬಾಯಿ ಬಿಟ್ಟಿತು. ದಿಲ್ಲಿಯಲ್ಲಿ ಫಿರೋಜ್ ಶಾ ತುಘಲಕ್ ತಂದು ನಿಲ್ಲಿಸಿದ್ದ ಕಂಬದ ಬರಹವನ್ನೂ ಅವರು ಓದಿದರು.

ಅದರಲ್ಲಿದ್ದ ದೇವಾನಾಂಪ್ರಿಯ ಪ್ರಿಯದರ್ಶಿ ಯಾರು? ಸಿಂಹಳದ ಒಬ್ಬ ರಾಜನಿರಬೇಕೆಂದು ಪ್ರಿನ್ಸೆಪ್ ಮೊದಲು ಭಾವಿಸಿದರು. ಅದು ತಪ್ಪು, ಆತ ಮೌರ್ಯ ಚಕ್ರವರ್ತಿ ಅಶೋಕ ಎಂದು ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥಗಳ ಆಧಾರದಿಂದ ತೋರಿಸಿದರು. ಪ್ರಿನ್ಸೆಪ್ ವಾದಕ್ಕಿಳಿಯಲಿಲ್ಲ. ತಮ್ಮ ಪತ್ರಿಕೆಯಲ್ಲೇ ತಿದ್ದುಪಡಿಯನ್ನು ಒಪ್ಪಿಕೊಂಡರು. 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ದೊರೆತು ಈ ಮಾತು ಗಟ್ಟಿಯಾಯಿತು. ನೀವು ಈಗ ಓದುತ್ತಿರುವ ಕನ್ನಡ ಅಕ್ಷರಗಳ ಮೂಲವೂ ಅದೇ ಬ್ರಾಹ್ಮಿ ಎಂಬುದು ನೆನಪಿರಲಿ.

ಆದರೆ ಈ ದುಡಿಮೆಯನ್ನು ದೇಹ ತಡೆಯಲಿಲ್ಲ. 1838ರಲ್ಲಿ ಪ್ರಿನ್ಸೆಪ್ ತೀವ್ರ ಅಸ್ವಸ್ಥರಾದರು. ವರ್ಷದ ಕೊನೆಗೆ ಹಡಗು ಹತ್ತಿ ಸ್ವದೇಶಕ್ಕೆ ಮರಳಿದರೂ ಚೇತರಿಸಿಕೊಳ್ಳಲಿಲ್ಲ. 1840ರ ಏಪ್ರಿಲ್ 22ರಂದು 40ನೇ ವಯಸ್ಸಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಕಲ್ಕತ್ತೆಯ ನಾಗರಿಕರು ಹೂಗ್ಲಿ ದಡದಲ್ಲಿ ಕಟ್ಟಿಸಿದ ಪ್ರಿನ್ಸೆಪ್ ಘಾಟ್ ಇಂದಿಗೂ ಅವರ ನೆನಪನ್ನು ಉಳಿಸಿದೆ. ಅವರ ನಾಣ್ಯಗಳು ಬ್ರಿಟಿಷ್ ಮ್ಯೂಸಿಯಂ ಸೇರಿದವು.

ಓದುಗರೇ, ನಾಣ್ಯ ಸಂಗ್ರಹ ಹಣವಂತರ ಹವ್ಯಾಸವೆಂದು ದೂರ ಸರಿಯಬೇಡಿ. ಮನೆಯ ಆ ಹಳೆಯ ರೂಪಾಯಿಯಿಂದಲೇ ಶುರು ಮಾಡಿ. ಹುಣಸೆಹುಳಿ, ಬೂದಿ ಹಾಕಿ ಅದನ್ನು ತಿಕ್ಕಬೇಡಿ. ಹೊಳಪು ಬಂದರೂ ಅಕ್ಷರ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ಅಂಚು ಹಿಡಿದು ಎತ್ತಿ, ತೂಕ ನೋಡಿ, ಉಬ್ಬಿದ ಭಾಗಗಳು ಎಷ್ಟು ಸವೆದಿವೆ ಎಂದು ಪರೀಕ್ಷಿಸಿ. ಓರೆಯಾಗಿ ಬೀಳುವ ಬೆಳಕಿನಲ್ಲಿ ಎರಡೂ ಮುಖಗಳ ಫೋಟೋ ತೆಗೆಯಿರಿ. ಯಾರಿಂದ, ಎಲ್ಲಿಂದ ಬಂದಿತೆಂದು ಬರೆದಿಡಿ. ನೆಲದಲ್ಲಿ ಹೂತ ನಿಧಿ ಸಿಕ್ಕರೆ ಮುಚ್ಚಿಡದೆ ಜಿಲ್ಲಾಧಿಕಾರಿಗಳಿಗೆ ತಿಳಿಸಿ.

ಫೋಟೋ ಕ್ಷಣದಲ್ಲಿ ಸಿದ್ಧವಾಗುತ್ತದೆ, ನಿಜ. ಆದರೆ ಒಮ್ಮೆಯಾದರೂ ಪೆನ್ಸಿಲ್ ಹಿಡಿದು ಆ ನಾಣ್ಯದ ಚಿತ್ರವನ್ನು ನೀವೇ ಬರೆದು ನೋಡಿ. ಅದುವರೆಗೆ ಕಣ್ಣಿಗೆ ಬೀಳದಿದ್ದ ಒಂದು ಅಕ್ಷರವಾದರೂ ಕಂಡೀತು.