ಆಕಾಶವಾಣಿಯ ಗೋಪಾಲಸ್ವಾಮಿಯವರು

ಗೂಡಲೂರಿನ ಕನ್ನಡಿಗರಾದ ನಮಗೆ ಮೈಸೂರು ಕಾಡು ದಾಟಿದರೆ ಸಿಗುವ ನಗರ. ಅಲ್ಲಿನ ಮನೆಯೊಂದರಲ್ಲಿ ಮೊಳಗಿದ ‘ಆಕಾಶವಾಣಿ’ ಇಂದು ದೇಶದ ಬಾನುಲಿಗೇ ಹೆಸರಾಗಿದೆ. ಆ ಮನೆಯೊಡೆಯರನ್ನು ಮಾತ್ರ ನಾವು ಮರೆತಿದ್ದೇವೆ.

ಎಂ. ವಿ. ಗೋಪಾಲಸ್ವಾಮಿಯವರು 1896ರಲ್ಲಿ ಜನಿಸಿದರು. ಲಂಡನ್ನಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿ ಬಂದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 1935ನೆಯ ಸೆಪ್ಟೆಂಬರ್ 10ರಂದು ತಮ್ಮ ‘ವಿಠಲ ವಿಹಾರ’ದಲ್ಲಿ 30 ವ್ಯಾಟಿನ ಪುಟ್ಟ ಪ್ರಸಾರಯಂತ್ರವನ್ನಿರಿಸಿ ಬಾನುಲಿಯನ್ನು ಆರಂಭಿಸಿದರು. ಅಂದು ಕುವೆಂಪು ಅವರು ಕವಿತೆಯನ್ನು ವಾಚಿಸಿದರು. ಒಂದು ದೀಪ ಬೆಳಗುವಷ್ಟು ಶಕ್ತಿಯಲ್ಲಿ ಕನ್ನಡವು ಆಕಾಶವನ್ನೇರಿತು! ಅಧ್ಯಾಪಕರ ಸಂಬಳದಲ್ಲಿ ಇಂಥ ಸಾಹಸ ಸುಲಭವೇ? ಆದರೂ ಸ್ವಂತ ಹಣ ಹಾಕಿ, ಪೌರರ ನೆರವು ಪಡೆದು ಹಲವು ವರ್ಷ ನಡೆಸಿದರು. ತರುವಾಯ ಸಂಸ್ಥಾನದ ಸರ್ಕಾರವು ನಿಲಯವನ್ನು ವಹಿಸಿಕೊಂಡಿತು. 1957ರಲ್ಲಿ ಅವರು ದಿವಂಗತರಾದರು.