ಹತ್ತು ಗೋಲುಗಳ ನಂತರದ ರಹೀಂ ಸಾಹೇಬರು

ನಿವೃತ್ತಿಯ ನಂತರ ದಾಬಸ್‌ಪೇಟೆಯಲ್ಲಿ ನೆಲೆಸಿದ ನನ್ನನ್ನು ಊರಿನವರು ಸಾಮಾನ್ಯವಾಗಿ ಎರಡು ಕಾರಣಗಳಿಗೆ ಹುಡುಕಿಕೊಂಡು ಬರುತ್ತಾರೆ. ಒಂದು, ಸರ್ಕಾರಿ ಕಚೇರಿಗೆ ಅರ್ಜಿ ಬರೆಸಲು. ಇನ್ನೊಂದು, ಯಾವುದಾದರೂ ಸಭೆಗೆ ಅಧ್ಯಕ್ಷರು ಸಿಗದಿದ್ದಾಗ ಆ ಕುರ್ಚಿ ತುಂಬಿಸಲು. ಕಳೆದ ತಿಂಗಳು ಬಂದದ್ದು ಎರಡನೆಯ ಬಗೆಯ ಕರೆ. ಚರ್ಚೆಯ ವಿಷಯ ಮಾತ್ರ ನನಗೆ ಹೊಸದಾಗಿತ್ತು: ಊರ ಹುಡುಗರ ಫುಟ್‌ಬಾಲ್ ತಂಡ.

ಸೋಂಪುರದ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ನಮ್ಮ ಊರಿಗೆ ಎಲ್ಲೆಲ್ಲಿಂದಲೋ ಕಾರ್ಮಿಕ ಕುಟುಂಬಗಳು ಬಂದಿವೆ. ಅವರ ಮಕ್ಕಳೂ ನಮ್ಮ ರೈತರ ಮಕ್ಕಳೂ ಸೇರಿ, ಶಿವಗಂಗೆ ಬೆಟ್ಟ ಎದುರಿಗೆ ಕಾಣುವ ಒಂದು ಬಯಲಿನಲ್ಲಿ ಸಂಜೆ ಹೊತ್ತು ಚೆಂಡು ಒದೆಯುತ್ತಾರೆ. ತಂಡ ಸತತವಾಗಿ ಆರು ಪಂದ್ಯ ಸೋತಿತ್ತು. ಅವರನ್ನು ನೋಡಿಕೊಳ್ಳುತ್ತಿದ್ದವರು ಸಂಬಳವಿಲ್ಲದೆ ದುಡಿಯುವ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಅವರನ್ನು ಬಿಡಿಸಿ, ಬೆಂಗಳೂರಿನಿಂದ ಹೊಸ ಕೋಚ್ ಒಬ್ಬರನ್ನು ತರಬೇಕೆಂದು ಸಭೆ ಹೆಚ್ಚುಕಡಿಮೆ ತೀರ್ಮಾನಿಸಿಬಿಟ್ಟಿತ್ತು. ಮೇಷ್ಟ್ರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು.

ಮೂರು ದಶಕ ಆಡಳಿತದಲ್ಲಿ ಕಳೆದ ನನಗೆ ಈ ಮದ್ದಿನ ಪರಿಚಯ ಚೆನ್ನಾಗಿಯೇ ಇದೆ. ಬರಗಾಲದ ವರ್ಷ ಕಂದಾಯ ವಸೂಲಿ ಬಿದ್ದರೆ ತಹಶೀಲ್ದಾರರ ವರ್ಗಾವಣೆಯಾಗುತ್ತದೆ. ಮರುವರ್ಷ ಮಳೆ ಬಂದು ವಸೂಲಿ ಏರಿದರೆ ಹೊಸಬರು ದಕ್ಷರೆನಿಸುತ್ತಾರೆ. ತಳ ಮುಟ್ಟಿದ ಯಾವುದೇ ಅಂಕಿಯೂ ತಾನಾಗಿ ಸರಾಸರಿಯ ಕಡೆಗೆ ಸ್ವಲ್ಪ ಏರುತ್ತದೆ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಮೊದಲ ಪಾಠಗಳಲ್ಲೊಂದು. ಹಾಗಾದರೆ ಸೋಲುವ ತಂಡವನ್ನು ತರಬೇತುದಾರ ನಿಜವಾಗಿಯೂ ಮೇಲೆತ್ತಬಲ್ಲನೇ? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವುದು ಹೈದರಾಬಾದಿನ ಒಬ್ಬ ಶಾಲಾ ಮೇಷ್ಟ್ರು. ಅವರ ಹೆಸರು ಸೈಯದ್ ಅಬ್ದುಲ್ ರಹೀಂ.

2024ರಲ್ಲಿ ಅವರ ಬದುಕನ್ನಾಧರಿಸಿದ ಹಿಂದಿ ಚಿತ್ರವೊಂದು ಬಂದು ಹೋದ ಮೇಲೆ ಹೊಸ ತಲೆಮಾರಿಗೂ ಅವರ ಹೆಸರು ಗೊತ್ತಾಗಿದೆ. ಚಿತ್ರಕ್ಕೆ ತನ್ನದೇ ಆದ ಅನುಕೂಲಗಳು ಬೇಕಾಗುತ್ತವೆ. ಖಳರು ಬೇಕು, ಕೊನೆಯ ನಿಮಿಷದ ಗೆಲುವು ಬೇಕು. ರಹೀಮರ ನಿಜವಾದ ಬದುಕಿನಲ್ಲಿ ಇದಕ್ಕಿಂತ ನಿಧಾನವಾದ, ನನ್ನ ಮಟ್ಟಿಗೆ ಹೆಚ್ಚು ಬೆರಗಿನ ಸಂಗತಿಗಳಿವೆ.

ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅದರ ತಂಡಕ್ಕೆ ಆಡಿದರು. ಪದವಿ ಪಡೆದ ಮೇಲೆ ನಗರದ ಶಾಲೆಗಳಲ್ಲಿ ಉಪಾಧ್ಯಾಯರಾದರು. ಆಮೇಲೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡು ಶಾಲೆಯ ಆಟೋಟಗಳ ಹೊಣೆ ಹೊತ್ತರು. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಶಾಲೆಗಳಲ್ಲಿ ದೈಹಿಕ ಶಿಕ್ಷಕರೆಂದರೆ ಪ್ರಾರ್ಥನೆಯ ಹೊತ್ತಿಗೆ ಸಾಲು ನಿಲ್ಲಿಸುವವರು, ಗೈರುಹಾಜರಾದ ಶಿಕ್ಷಕರ ತರಗತಿಗೆ ಹೋಗಿ ಸದ್ದಡಗಿಸುವವರು. ಏಷ್ಯಾದ ಫುಟ್‌ಬಾಲನ್ನು ಎರಡು ಬಾರಿ ಗೆದ್ದ ಭಾರತ ತಂಡದ ಶಿಲ್ಪಿ ಆ ವೃತ್ತಿಯವರು.

1940ರ ದಶಕದ ಆರಂಭದಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಯುವವರೆಗೂ ಆ ಕೆಲಸದಲ್ಲಿದ್ದರು. ಹೈದರಾಬಾದ್ ನಗರ ಪೊಲೀಸ್ ತಂಡವೂ ಅವರ ಕೈಗೆ ಬಂದಿತು. ಆ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಫುಟ್‌ಬಾಲ್ ಎಂದರೆ ಕಲ್ಕತ್ತಾ ಎನ್ನುವ ಕಾಲವದು. ಹೊರಗಿನಿಂದ ಬಂದ ಪೊಲೀಸರ ತಂಡ ಹೀಗೆ ಮೆರೆದದ್ದು ಅನೇಕರಿಗೆ ಅರಗದ ವಿಷಯವಾಗಿತ್ತು.

ಆದರೆ ನನ್ನನ್ನು ಹೆಚ್ಚು ಸೆಳೆಯುವುದು ಆ ಕಪ್ಪುಗಳಲ್ಲ, ಊರಿನ ಮಕ್ಕಳಿಗಾಗಿ ಅವರು ನಡೆಸುತ್ತಿದ್ದ ವಿಚಿತ್ರ ಪಂದ್ಯಾವಳಿಗಳು. ಒಂದರಲ್ಲಿ ಬಲಗಾಲಿನ ಆಟಗಾರ ಎಡಗಾಲಿನಿಂದಲೇ ಒದೆಯಬೇಕು. ಇನ್ನೊಂದರಲ್ಲಿ ಚೆಂಡನ್ನು ಕಾಲಿಗಂಟಿಸಿಕೊಂಡು ಎದುರಾಳಿಯನ್ನು ವಂಚಿಸುತ್ತ ಓಡುವುದಕ್ಕೆ, ಅಂದರೆ ಡ್ರಿಬ್ಲಿಂಗ್‌ಗೆ, ಅವಕಾಶವೇ ಇಲ್ಲ. ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ಮತ್ತೊಂದರಲ್ಲಿ ಇಷ್ಟೇ ಎತ್ತರದ ಹುಡುಗರಿಗೆ ಪ್ರವೇಶ. ಕುಳ್ಳ ಹುಡುಗ ಎತ್ತರದವನ ತಳ್ಳಾಟಕ್ಕೆ ಸಿಕ್ಕಿ ಆಟವನ್ನೇ ಬಿಡಬಾರದೆಂಬ ಉಪಾಯ. ಏಳೇಳು ಮಂದಿಯ ಪಂದ್ಯಗಳೂ ಇದ್ದವು. ಅಲ್ಲಿ ಪ್ರತಿ ಹುಡುಗನ ಕಾಲಿಗೂ ಹೆಚ್ಚು ಬಾರಿ ಚೆಂಡು ಸಿಗುತ್ತದೆ. ನಿಯಮವೊಂದನ್ನು ಬದಲಿಸಿದರೆ ಜನರ ನಡವಳಿಕೆ ಬದಲಾಗುತ್ತದೆ ಎಂಬುದನ್ನು ನಾವು ಅರ್ಥಶಾಸ್ತ್ರದವರು ದಪ್ಪ ಪುಸ್ತಕಗಳಲ್ಲಿ ಓದಿದೆವು. ರಹೀಮರು ಅದನ್ನು ಮಣ್ಣಿನ ಮೈದಾನದಲ್ಲಿ ಮಾಡಿ ತೋರಿಸಿದರು. ಉಪದೇಶಕ್ಕಿಂತ ನಿಯಮ ಪರಿಣಾಮಕಾರಿ. ಸ್ವಾರ್ಥ ಬಿಟ್ಟು ಚೆಂಡು ಕೊಡೋ ಎಂದು ಹುಡುಗನಿಗೆ ನೂರು ಸಲ ಹೇಳುವುದಕ್ಕಿಂತ, ಕೊಡದೆ ವಿಧಿಯಿಲ್ಲದಂತಹ ಆಟಕ್ಕೆ ಅವನನ್ನು ಇಳಿಸುವುದು ಸುಲಭ.

ರಾಷ್ಟ್ರೀಯ ತಂಡದ ಹೊಣೆ ಅವರಿಗೆ ಬಂದದ್ದು 1950ರಲ್ಲಿ. ಮರುವರ್ಷವೇ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ, ಸೈಲೇನ್ ಮನ್ನಾ ನಾಯಕತ್ವದ ತಂಡ ಫೈನಲ್‌ನಲ್ಲಿ ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನ ಗೆದ್ದಿತು. ಮುಂದಿನದು ಹೆಲ್ಸಿಂಕಿ.

1952ರ ಹೆಲ್ಸಿಂಕಿ ಒಲಿಂಪಿಕ್ಸ್ ನಮ್ಮ ಫುಟ್‌ಬಾಲ್ ಇತಿಹಾಸದ ಅತ್ಯಂತ ಕಹಿ ಅಧ್ಯಾಯ. ಯುಗೋಸ್ಲಾವಿಯ ಹತ್ತು ಗೋಲು ಹೊಡೆಯಿತು. ಭಾರತದ ಏಕೈಕ ಗೋಲು ಬಂದದ್ದು ಪಂದ್ಯ ಮುಗಿಯುವ ಹೊತ್ತಿಗೆ, ಬೆಂಗಳೂರಿನ ಅಹ್ಮದ್ ಖಾನ್ ಅವರ ಕಾಲಿನಿಂದ. ನಾಲ್ಕು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಬರಿಗಾಲಿನಲ್ಲಿ ಆಡಿ ಫ್ರಾನ್ಸನ್ನು ನಡುಗಿಸಿ, 1-2ರಲ್ಲಿ ಮಾತ್ರ ಸೋತ ತಂಡದ ಕೀರ್ತಿ ಹೆಲ್ಸಿಂಕಿಯ ಚಳಿಯಲ್ಲಿ ಕರಗಿಹೋಯಿತು. ಅಲ್ಲಿಯೂ ನಮ್ಮವರಲ್ಲಿ ಹಲವರು ಬರಿಗಾಲಿನವರು. ಇದಕ್ಕಿಂತ ಕಡಿಮೆ ಚರ್ಚೆಯಾದ ಇನ್ನೊಂದು ಕಾರಣವಿದೆ. ಆ ಕಾಲದಲ್ಲಿ ನಮ್ಮ ದೇಶದೊಳಗಿನ ಪಂದ್ಯಗಳು ನಡೆಯುತ್ತಿದ್ದುದು ಎಪ್ಪತ್ತು ನಿಮಿಷ, ಒಲಿಂಪಿಕ್ಸ್‌ನಲ್ಲಿ ತೊಂಬತ್ತು. ಎಪ್ಪತ್ತು ನಿಮಿಷಕ್ಕೆ ಪಳಗಿದ ದೇಹ ಕೊನೆಯ ಇಪ್ಪತ್ತು ನಿಮಿಷಕ್ಕೆ ಎಲ್ಲಿಂದ ಉಸಿರು ತರಬೇಕು? ಇದು ಒಬ್ಬ ತರಬೇತುದಾರನ ದೋಷವಲ್ಲ, ವ್ಯವಸ್ಥೆಯ ದೋಷ. ಸೋಲಿನ ನಂತರ ಫುಟ್‌ಬಾಲ್ ಒಕ್ಕೂಟ ಬೂಟು ಕಡ್ಡಾಯ ಮಾಡಿತು.

ಹತ್ತು ಗೋಲು ತಿಂದ ತಂಡದ ತರಬೇತುದಾರರನ್ನು ಇಂದಿನ ಕಾಲವಾಗಿದ್ದರೆ ವಿಮಾನ ಇಳಿಯುವ ಮೊದಲೇ ಮನೆಗೆ ಕಳುಹಿಸುತ್ತಿದ್ದರು. ಮುಂದಿನ ಒಲಿಂಪಿಕ್ಸ್‌ಗೂ ತಂಡವನ್ನು ಅಣಿಗೊಳಿಸಿದವರು ಅದೇ ರಹೀಂ.

ಅವರು ಮಾಡಿದ್ದೇನು? ಮೊದಲನೆಯದಾಗಿ, ಹೆಸರುಗಳಿಗೆ ಮಣೆ ಹಾಕದೆ ಕಾಲುಗಳನ್ನು ಹುಡುಕಿದರು. ಸಿಕಂದರಾಬಾದಿನ ಬಡ ಕುಟುಂಬದ ತುಳಸೀದಾಸ್ ಬಲರಾಂ ಎಂಬ ಹುಡುಗನಿಗೆ ತರಬೇತಿಗೆ ಬರಲು ಬಸ್ಸಿನ ಕಾಸಿರಲಿಲ್ಲ. ರಹೀಮರು ಅವನಿಗೆ ಬಾಡಿಗೆ ಸೈಕಲ್ಲಿನ ಖರ್ಚು ಕೊಟ್ಟು ಬರಮಾಡಿಕೊಂಡರು. ಆ ಹುಡುಗ ಮುಂದೆ ದೇಶ ಕಂಡ ಅತ್ಯುತ್ತಮ ಮುನ್ಪಡೆ ಆಟಗಾರರಲ್ಲಿ ಒಬ್ಬನಾದ. ರಾಷ್ಟ್ರೀಯ ತಂಡದ ಇತಿಹಾಸದಲ್ಲಿ ದಿನದ ಬಾಡಿಗೆ ಸೈಕಲ್ಲಿಗಿಂತ ಲಾಭದಾಯಕ ಹೂಡಿಕೆಯೊಂದು ನನ್ನ ಗಮನಕ್ಕೆ ಬಂದಿಲ್ಲ. ಎರಡನೆಯದಾಗಿ, ಆಟದ ವ್ಯೂಹವನ್ನೇ ಬದಲಿಸಿದರು. ಮುನ್ಪಡೆಯವನೊಬ್ಬನನ್ನು ಕೆಳಗಿಳಿಸಿ, ಹಿಂದಿನಿಂದ ಚೆಂಡು ಹಂಚುವ ಕೆಲಸ ಕೊಡುವುದು ಅವರ ಪ್ರಿಯವಾದ ಪ್ರಯೋಗ. ಎದುರಾಳಿಯ ಕಾವಲುಗಾರ ಅವನ ಬೆನ್ನು ಹತ್ತಿ ಬಂದರೆ ಹಿಂದೆ ಜಾಗ ತೆರೆಯುತ್ತದೆ; ಬಾರದಿದ್ದರೆ ಇವನಿಗೆ ಬಿಡುವು ಸಿಗುತ್ತದೆ. ಹಂಗೆರಿಯವರು ಈ ತಂತ್ರದಿಂದ ಜಗತ್ತನ್ನು ಬೆರಗುಗೊಳಿಸಿದ್ದು ನಮಗೆ ಗೊತ್ತು. ಹೈದರಾಬಾದಿನ ಮೇಷ್ಟ್ರು ಅದೇ ದಾರಿಯಲ್ಲಿ ಯೋಚಿಸುತ್ತಿದ್ದರೆಂಬುದು ಗೊತ್ತಿರುವವರು ಕಡಿಮೆ.

1956ರ ಮೆಲ್ಬರ್ನ್. ಹಂಗೆರಿ ಹಿಂದೆ ಸರಿದದ್ದರಿಂದ ಭಾರತ ಆಡದೆಯೇ ಮೊದಲ ಸುತ್ತು ದಾಟಿತು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯದ ಎದುರು ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಭಾರತ 4-2ರಿಂದ ಗೆದ್ದಿತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಮತ್ತೆ ಅದೇ ಯುಗೋಸ್ಲಾವಿಯ. ಮೊದಲ ಗೋಲು ನಮ್ಮದೇ. ಕೊನೆಗೆ 1-4ರಿಂದ ಸೋತೆವು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯದ ಎದುರೂ ಸೋತು ನಾಲ್ಕನೆಯ ಸ್ಥಾನ ಪಡೆದೆವು. ನಮ್ಮ ಬೆಂಗಳೂರಿನ ಕೆಂಪಯ್ಯನವರು ಆ ತಂಡದಲ್ಲಿದ್ದರು. ಅದೇ ಕ್ರೀಡಾಕೂಟದಲ್ಲಿ ಆಸ್ಟ್ರೇಲಿಯದವರು ಕೈ ಕಾಲು ಎರಡನ್ನೂ ಬಳಸಿ ಮೊಟ್ಟೆಯಾಕಾರದ ಚೆಂಡಿನಲ್ಲಿ ಆಡುವ ತಮ್ಮದೇ ಫುಟ್‌ಬಾಲನ್ನು ಪ್ರದರ್ಶನ ಪಂದ್ಯವಾಗಿ ಜಗತ್ತಿಗೆ ತೋರಿಸಿದರು. ಆ ದೇಶದವರ ಅಭಿಮಾನವೆಲ್ಲ ಆ ಆಟದ ಮೇಲೆಯೇ ಇತ್ತಾದರೂ, ಸ್ವಂತ ನೆಲದಲ್ಲಿ ಭಾರತಕ್ಕೆ ಸೋತದ್ದು ಅವರಿಗೆ ಹಿತವಾಗಿರಲಾರದು.

ಹತ್ತಕ್ಕೆ ಒಂದು, ನಾಲ್ಕಕ್ಕೆ ಒಂದು: ಎರಡೂ ಅದೇ ದೇಶದ ಎದುರಿನ ಸೋಲುಗಳೇ. ನಾಲ್ಕು ವರ್ಷದ ದುಡಿಮೆಯನ್ನು ಅಳೆಯಲು ನನಗೆ ಸಿಕ್ಕ ಪ್ರಾಮಾಣಿಕ ಅಂಕಿಗಳು ಇವು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೆರಿಗೆ 1-2ರಿಂದ ಸೋತು, ಫ್ರಾನ್ಸ್ ಜೊತೆ 1-1ರಲ್ಲಿ ಸಮ ಮಾಡಿಕೊಂಡು, ಪೆರುವಿಗೆ ಸೋತು ಮರಳಿದರು. ಪದಕ ಪಟ್ಟಿ ನೋಡುವವರಿಗೆ ಅದು ವೈಫಲ್ಯ. ಪಂದ್ಯ ಬಲ್ಲವರಿಗೆ ಹಾಗಲ್ಲ.

ಇನ್ನು ಜಕಾರ್ತ, 1962. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ ಎರಡು ಗೋಲಿನಿಂದ ಸೋಲು. ನಂತರ ಥಾಯ್ಲೆಂಡ್ ಮತ್ತು ಜಪಾನ್ ವಿರುದ್ಧ ಗೆಲುವು. ಥಾಯ್ಲೆಂಡ್ ಪಂದ್ಯದಲ್ಲಿ ರಕ್ಷಣೆಯ ಆಧಾರಸ್ತಂಭ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿದರು. ಇದರ ನಡುವೆ ರಾಜಕೀಯದ ಬೇಗುದಿ ಬೇರೆ. ಇಸ್ರೇಲ್ ಮತ್ತು ತೈವಾನನ್ನು ಆತಿಥೇಯ ಇಂಡೊನೇಷ್ಯ ಹೊರಗಿಟ್ಟದ್ದನ್ನು ನಮ್ಮ ಕ್ರೀಡಾಡಳಿತಗಾರ ಗುರುದತ್ ಸೋಂಧಿ ಬಹಿರಂಗವಾಗಿ ಆಕ್ಷೇಪಿಸಿದ್ದರು. ಅದರ ಬಿಸಿ ತಟ್ಟಿದ್ದು ಏನೂ ಅರಿಯದ ಆಟಗಾರರಿಗೆ. ಭಾರತ ಆಡುವಾಗಲೆಲ್ಲ ಕ್ರೀಡಾಂಗಣ ಕೂಗಾಟದಿಂದ ತುಂಬುತ್ತಿತ್ತು.

ಇಲ್ಲಿ ರಹೀಮರು ತೆಗೆದುಕೊಂಡ ನಿರ್ಧಾರವನ್ನು ನಾನು ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ಗಾಯಗೊಂಡ ಜರ್ನೈಲರನ್ನು ಹೊರಗೆ ಕೂರಿಸುವುದು ಸುರಕ್ಷಿತ ದಾರಿ. ಅವರನ್ನೇ ಮುನ್ಪಡೆಗೆ, ಗೋಲು ಹೊಡೆಯುವ ಜಾಗಕ್ಕೆ ಕಳುಹಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧದ 3-2ರ ಗೆಲುವಿನಲ್ಲಿ ಒಂದು ಗೋಲು ಜರ್ನೈಲರದು, ಎರಡು ನಾಯಕ ಚುನಿ ಗೋಸ್ವಾಮಿಯವರದು. ಫೈನಲ್‌ಗೆ, ಜ್ವರದಿಂದೆದ್ದ ಪೀಟರ್ ತಂಗರಾಜರನ್ನು ಗೋಲಿನಲ್ಲಿ ನಿಲ್ಲಿಸಿದರು. ಸೆಪ್ಟೆಂಬರ್ 4ರಂದು, ಸುಮಾರು ಒಂದು ಲಕ್ಷ ಪ್ರೇಕ್ಷಕರ ವಿರೋಧದ ನಡುವೆ, ಪಿ.ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರು. ಕೆಲವೇ ನಿಮಿಷಗಳಲ್ಲಿ ಜರ್ನೈಲ್ ಎರಡನೆಯದು. ಕೊರಿಯಾ ಕೊನೆಯಲ್ಲಿ ಒಂದನ್ನು ಮಾತ್ರ ತೀರಿಸಿತು. ಚಿನ್ನ ಗೆದ್ದು ಬಂದವರಲ್ಲಿ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು.

ಧೂಮಪಾನ ಬಿಡದ ರಹೀಮರನ್ನು ಶ್ವಾಸಕೋಶದ ಕ್ಯಾನ್ಸರ್ ಆವರಿಸಿತ್ತು. ಜಕಾರ್ತದ ಗೆಲುವಿನ ನಂತರ ಒಂದು ವರ್ಷವೂ ತುಂಬಲಿಲ್ಲ. 1963ರ ಜೂನ್ 11ರಂದು, ಐವತ್ಮೂರರ ವಯಸ್ಸಿನಲ್ಲಿ ತೀರಿಕೊಂಡರು. ಆ ನಂತರ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ನಮಗೆ ಸಿಕ್ಕಿಲ್ಲ. ರೋಮ್ ಆದ ಮೇಲೆ ಒಲಿಂಪಿಕ್ ಫುಟ್‌ಬಾಲಿಗೆ ಅರ್ಹತೆಯನ್ನೂ ಪಡೆದಿಲ್ಲ. ಇದಕ್ಕೆ ಅವರ ಅಕಾಲ ಮರಣವೇ ಕಾರಣವೆನ್ನುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಒಬ್ಬ ವ್ಯಕ್ತಿಯ ಸಾವಿನೊಂದಿಗೆ ನಿಂತುಹೋಗುವಂತಹ ಏರ್ಪಾಟು ಆ ವ್ಯಕ್ತಿ ಬದುಕಿದ್ದಾಗಲೂ ದುರ್ಬಲವೇ ಆಗಿತ್ತು. ಮಕ್ಕಳ ಆ ಪಂದ್ಯಾವಳಿಗಳನ್ನು ಒಕ್ಕೂಟ ದೇಶದ ಪ್ರತಿ ಜಿಲ್ಲೆಗೂ ಕೊಂಡೊಯ್ಯಲಿಲ್ಲ. ಮೇಷ್ಟ್ರ ಕೆಲಸ ಮೇಷ್ಟ್ರೊಂದಿಗೇ ಹೋಯಿತು.

ಅವರ ಮಗ ಸೈಯದ್ ಶಾಹಿದ್ ಹಕೀಂ ರೋಮ್ ಒಲಿಂಪಿಕ್ಸ್ ತಂಡದ ಸದಸ್ಯರು. ನಂತರ ಅಂತರರಾಷ್ಟ್ರೀಯ ರೆಫರಿಯೂ ತರಬೇತುದಾರರೂ ಆದರು. 2021ರ ಆಗಸ್ಟ್‌ನಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ. ಆ ಸುದ್ದಿ ಓದಿದಾಗ, ಒಂದು ಕಾಲಕ್ಕೆ ಕಲಬುರಗಿಯೂ ಹೈದರಾಬಾದ್ ಸಂಸ್ಥಾನದ್ದೇ ಊರಾಗಿತ್ತೆಂಬುದು ನೆನಪಾಯಿತು. ರಾಜ್ಯಗಳ ಗಡಿ ಬದಲಾದರೂ ಕುಟುಂಬಗಳ ಓಡಾಟ ನಿಲ್ಲುವುದಿಲ್ಲ.

ನಮ್ಮ ಕರ್ನಾಟಕದ್ದೂ ಕಾಯುವಿಕೆಯ ಕಥೆಯೇ. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. 1968-69ರ ಗೆಲುವಿನ ನಂತರ ಐದನೆಯದಕ್ಕೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮರಳಿ ಪಡೆಯಿತು. ಈ ನಡುವೆ ಎಷ್ಟು ತರಬೇತುದಾರರು ಬದಲಾಗಿರಬಹುದು, ಓದುಗರೇ ಊಹಿಸಲಿ.

ಆ ಸಭೆಯಲ್ಲಿ ಇಷ್ಟನ್ನೆಲ್ಲ ಹೇಳಲು ವ್ಯವಧಾನವಿರಲಿಲ್ಲ. ಹೆಲ್ಸಿಂಕಿಯ ಹತ್ತು ಗೋಲು, ಬಾಡಿಗೆ ಸೈಕಲ್ಲು, ಎಡಗಾಲಿನ ಪಂದ್ಯ, ಈ ಮೂರನ್ನು ಮಾತ್ರ ಹೇಳಿದೆ. ಬೆಂಗಳೂರಿನ ಕೋಚ್‌ಗೆಂದು ಎತ್ತಿಟ್ಟ ಹಣದಲ್ಲಿ ಹನ್ನೆರಡು ಚೆಂಡು, ಒಂದಿಷ್ಟು ಬೂಟು ಕೊಳ್ಳಬಹುದೆಂಬ ಲೆಕ್ಕವನ್ನೂ ಒಪ್ಪಿಸಿದೆ. ಸಭೆ ಗೊಣಗುತ್ತಲೇ ಒಂದು ವರ್ಷದ ಅವಧಿ ಕೊಟ್ಟಿತು. ತಂಡ ಅದಾದ ಮೇಲೆ ಏಳನೆಯ ಪಂದ್ಯವನ್ನೂ ಸೋತಿದೆ. ಈ ಸಲ ಒಂದೇ ಗೋಲಿನಿಂದ. ಮೇಷ್ಟ್ರು ಬರುವ ಭಾನುವಾರ ಎಡಗಾಲಿನ ಪಂದ್ಯವಿಟ್ಟುಕೊಂಡಿದ್ದಾರೆ. ಸೀಟಿ ಊದುವ ಕೆಲಸ ನನ್ನ ಪಾಲಿಗೆ ಬಂದಿದೆ. ನಿಯಮ ಮುರಿದು ಬಲಗಾಲಿನಿಂದ ಒದ್ದವನಿಗೆ ಏನು ಶಿಕ್ಷೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.